ಬಾಗಲಕೋಟಿ ಸುತ್ತ ಗ್ರಾವೆಲ್ ಸೈಕಲ್‌ಗೆ ಗರಸಿನ ಹಾದಿ ಯಾವ್ಯಾವು ಛಲೋ ಅದಾವ್ರಿ?

ನವನಗರ_ಪೆಡಲ್:

ನಮಸ್ಕಾರ್ರಿ ಎಲ್ಲಾರಿಗೂ. ನಾ ಇರೂದು ಬಾಗಲಕೋಟಿ ನವನಗರದಾಗ. ಇಷ್ಟ್ ದಿನ ರೋಡ್ ಸೈಕಲ್ ಮ್ಯಾಲ ಹೈವೇ ಹಿಡದು ಹೋಗ್ತಿದ್ದೆ, ಈಗ ಅದು ಸಾಕಾಗೇತಿ. ಇನ್ನೇನು ಕಬ್ಬಿನ ಸೀಜನ್ ಶುರು ಆಗ್ತೈತಿ, ಮುಧೋಳ ಜಮಖಂಡಿ ಕಡೆ ಹೋದ್ರ ಎರಡೆರಡು ಟ್ರೇಲರ್ ಕಟಗೊಂಡ ಬರೋ ಟ್ರ್ಯಾಕ್ಟರು, ಹಿಂದ ಲೈಟ್ ಇರೂದಿಲ್ಲ ಹಾಡು ಮಾತ್ರ ಊರಿಗೆಲ್ಲಾ ಕೇಳ್ತಿರ್ತೈತಿ, ಅದರ ಬಾಜೂಕ ಸೈಕಲ್ ಹೊಡ್ಯೂದಂದ್ರ ಜೀವ ಕೈಯಾಗ ಹಿಡಕೊಂಡ ಹೋಗೂದ.

ಅದಕ್ಕ ಒಂದು ಗ್ರಾವೆಲ್ ಸೈಕಲ್, ಅಂದ್ರ ಗರಸು ಮಣ್ಣಿನ ಹಾದಿಗೆ ಅಂತ ಮಾಡಿದ ಅಗಲ ಟೈರಿನ ಸೈಕಲ್ ತಗೊಂಡೀನಿ. 40 ಎಂಎಂ ಟೈರ್, ಒಳಗ ಇನ್ನೂ ಟ್ಯೂಬ್ ಐತಿ. ಯೂಟ್ಯೂಬ್‌ನಾಗ ಇಂಗ್ಲೆಂಡಿನವರ ವಿಡಿಯೋ ನೋಡಿ ನೋಡಿ ತಲಿ ಕೆಟ್ಟೈತಿ, ಸಣ್ಣ ಊರು, ಮನಿ ಬಿಟ್ಟು ಹತ್ತು ನಿಮಿಷಕ್ಕ ಬೇಲಿ ನಡುವ ಮಣ್ಣಿನ ಹಾದಿ, ಗೇಟು, ಬೋರ್ಡು, ಎಲ್ಲಾ ಬರೋಬರಿ. ನಮ್ಮಲ್ಲಿ ಹಂಗ ನಕಾಶಿ ಇಟಗೊಂಡು ಹೋಗೂವಂಥ ಹಾದಿ ಅದಾವೇನು? ಬಾದಾಮಿ ಪಟ್ಟದಕಲ್ಲು ಐಹೊಳಿ ಕಡೆ ಒಂದು 60-70 ಕಿಮೀ ಲೂಪ್ ಆದ್ರ ಸಾಕು, ಡಾಂಬರ್ ಕಡಿಮಿ ಇರ್ಬೇಕು. ಮ್ಯಾಪ್ ಆ್ಯಪ್ ತೋರಸೋ ಹಾದಿ ನಂಬಬಹುದಾ? ಹೊಲದಾಗ ಹೊಕ್ರ ಯಾರರೆ ಬೈತಾರೇನು? ಮಳಿ ಮುಗೀತಾ ಬಂತು, ಬರೋ ರವಿವಾರನ ಶುರು ಮಾಡ್ಲಾ?

ಮಡ್ಡಿ_ಸವಾರ:

ಬರೋ ರವಿವಾರ ಬ್ಯಾಡ. ಮಳಿ ಮುಗೀತು ಅಂತ ಯಾರು ಹೇಳಿದ್ರು ನಿನಗ, ಮುಂಗಾರಿ ಮುಗದಿರಬಹುದು, ಹಿಂಗಾರಿ ಇನ್ನೂ ನಿಂತೈತಿ. ಚಿತ್ತಿ, ಸ್ವಾತಿ ಎರಡೂ ಮಳಿ ಬಾಕಿ ಅದಾವು, ಸ್ವಾತಿ ಹೋಗಬೇಕಂದ್ರ ನವೆಂಬರ್ ಮೊದಲ ವಾರ ದಾಟತೈತಿ. ಅಲ್ಲೀತನಕ ಎರಿ, ಅಂದ್ರ ಕರಿ ಮಣ್ಣಿನ ಹೊಲದ ಕಡೆ ಗಾಲಿ ಇಡಬ್ಯಾಡ.

ನಾ ಗುಳೇದಗುಡ್ಡದ ಕಡಿಯಾಂವ, ಈ ಭಾಗದಾಗ ಭಾಳ ಓಡ್ಯಾಡೀನಿ. ಒಂದು ಮಾತು ತಲ್ಯಾಗ ಇಟಗೋ, ನಮ್ಮ ಕಡೆ ರೂಟ್ ಮಾಡೂದು ನಕಾಶಿ ನೋಡಿ ಅಲ್ಲ, ಮಣ್ಣು ನೋಡಿ. ಆ್ಯಪ್ ಒಳಗ ಮೂರು ಹಾದಿ ಒಂದ ಥರಾ ಗೆರಿ ಇರ್ತಾವು, ಆದ್ರ ಒಂದು ಮಡ್ಡಿ (ಕಲ್ಲು ನೆಲದ ದಿಬ್ಬ) ಮ್ಯಾಲಿನ ಗರಸು, ಒಂದು ಗುಡ್ಡದ ಬುಡದ ಉಸುಕು ಕೂಡಿದ ಕೆಂಪು ಮಣ್ಣು, ಇನ್ನೊಂದು ಪಕ್ಕಾ ಎರಿ. ಬ್ಯಾಸಗ್ಯಾಗ ಮೂರೂ ಸೈಕಲ್ ಹೊಡಿಬಹುದು. ಒಂದು ಹದ ಮಳಿ ಆತಂದ್ರ ಮೊದಲನೇದು ಮರುದಿನ ರೆಡಿ, ಎರಡನೇದು ಎರಡು ದಿನ ಬಿಟ್ರ ಸಾಕು, ಮೂರನೇದು ವಾರ ಆದ್ರೂ ಬಿಡೂದಿಲ್ಲ. ಎರಿ ಮಣ್ಣು ನೀರು ಕುಡದು ಉಬ್ಬಿ ಅಂಟಾಗ್ತೈತಿ, ಗಾಲಿ ಹಿಡದಿರೋ ಫೋರ್ಕ್ ಮತ್ತ ಟೈರ್ ನಡುವ ತುಂಬಿಕೊಂಡು ಗಾಲಿನ ತಿರುಗೂದಿಲ್ಲ, 10 ಕೆಜಿ ಸೈಕಲ್ 20 ಕೆಜಿ ಆಗ್ತೈತಿ, ಹೊತಗೊಂಡು ಹೋಗೋಣಂದ್ರ ಚಪ್ಪಲಿನೂ ಅಲ್ಲೇ ಉಳೀತಾವು. ಹಂಗಂತ ಒಣಗಿದ್ರ ಸುಖ ಅಂತಲ್ಲ, ಮಾರ್ಚ್ ಏಪ್ರಿಲ್‌ನಾಗ ಬಾಯಿ ಬಿಟ್ಟಿರ್ತೈತಿ, ಆ ಬಿರಕಿನಾಗ ಮುಂದಿನ ಗಾಲಿ ಉದ್ದಕ್ಕ ಹೊಕ್ಕತಂದ್ರ ಹಾರಿ ಬೀಳ್ತಿ. ಟ್ರ್ಯಾಕ್ಟರ್ ಹಸಿ ಇದ್ದಾಗ ಮಾಡಿದ ಜಾಡು ಒಣಗಿ ಕಲ್ಲಾಗಿರ್ತೈತಿ, ಅದರೊಳಗ ಇಳದ್ರ ಪೆಡಲ್ ಎರಡೂ ಕಡೆ ಬಡೀತಾವು.

ಮಣ್ಣು ಹೆಂಗ ಗುರುತು ಹಿಡೀಬೇಕಂದ್ರ ಸ್ಯಾಟಲೈಟ್ ವ್ಯೂ ಹಾಕಿ ನೋಡು. ಬ್ಯಾಸಗ್ಯಾಗ ತಗದ ಫೋಟೋ ಇದ್ರ ಇನ್ನೂ ಛಲೋ. ಎರಿ ಭೂಮಿ ಕರ್ರಗ, ಚೌಕ ಚೌಕ ದೊಡ್ಡ ಹೊಲ, ಗಿಡ ಕಡಿಮಿ. ಮಸಾರಿ, ಮಡ್ಡಿ ಎಲ್ಲಾ ಕೆಂಪು ಇಲ್ಲಾ ಬೂದಿ ಬಣ್ಣ, ಜಾಲಿ ಕಂಟಿ ಚುಕ್ಕಿ ಚುಕ್ಕಿ ಕಾಣತೈತಿ. ಹೊಳಿ ಹತ್ರ ಹೋದಂಗ ಕರ್ರಗ ಆಗ್ತಾ ಹೋಗ್ತೈತಿ, ಗುಡ್ಡಕ್ಕ ಹತ್ತಿದಂಗ ಕೆಂಪು.

ಈಗ ನಿನ್ನ ಲೂಪ್. ಬಾದಾಮಿಯಿಂದ ಬನಶಂಕರಿ, ಚೊಳಚಗುಡ್ಡ, ಶಿವಯೋಗ ಮಂದಿರ, ಅಲ್ಲಿಂದ ಪಟ್ಟದಕಲ್ಲು, ಐಹೊಳಿ, ವಾಪಸ್ ಬರುವಾಗ ಮಹಾಕೂಟ, ನಂದಿಕೇಶ್ವರ ಕಡೆಯಿಂದ ಬಾದಾಮಿ. ಒಳಹಾದಿ ಎಷ್ಟು ಹಿಡೀತಿ ಅನ್ನೂದರ ಮ್ಯಾಲ 70ರ ಆಸುಪಾಸು ಬೀಳತೈತಿ. ಇದರಾಗ ಮಲಪ್ರಭಾ ದಂಡಿ ಭಾಗ ಎರಿ, ಅಲ್ಲಿ ಸುಮ್ಮನ ಡಾಂಬರ್ ಹಿಡದು ಬಾ, ಹಟ ಮಾಡಬ್ಯಾಡ. ಮಹಾಕೂಟದ ಗುಡ್ಡದ ಬುಡದಾಗ ಖರೇ ಮಜಾ ಐತಿ, ಅಲ್ಲಿ ಕಲ್ಲೆಲ್ಲಾ ಮರಳುಗಲ್ಲು, ಸವದು ಸವದು ಹಾದಿ ತುಂಬ ಉಸುಕು ಆಗಿರ್ತೈತಿ, ಉಸುಕಿನಾಗ ಹ್ಯಾಂಡಲ್ ಬಿಗಿ ಹಿಡಿಬ್ಯಾಡ, ಹಿಂದಕ್ಕ ಕುಂತು ತುಳಕೋತ ಹೋಗು. ಬಾದಾಮಿ ಗುಡ್ಡ ಹತ್ತಿ ಮಹಾಕೂಟಕ್ಕ ಹೋಗೋ ಹಳೇ ಕಾಲುದಾರಿನೂ ಐತಿ, ಆ್ಯಪ್ ಅದನ್ನ ಸೈಕಲ್ ಹಾದಿ ಅಂತ ತೋರಸ್ತೈತಿ, ಅದು ಮೆಟ್ಟಿಲು, ಬಂಡೆಗಲ್ಲು ಇರೋ ದಾರಿ, ಸೈಕಲ್ ಹೆಗಲ ಮ್ಯಾಲ ಬರ್ತೈತಿ. ಕಾಲ್ನಡಿಗಿಗೆ ಮಸ್ತ್, ಸೈಕಲ್‌ಗೆ ಅಲ್ಲ.

ಮತ್ತ ಗುಡಿ ಆವರಣದಾಗ ಸೈಕಲ್ ತಗೊಂಡ ಹೋಗಿ ರೀಲ್ಸ್ ಮಾಡಬ್ಯಾಡ್ರಪ. ಪಟ್ಟದಕಲ್ಲು 1987ರಿಂದ ಯುನೆಸ್ಕೋ ಪಟ್ಟಿಯಾಗ ಐತಿ, ಕಾವಲುಗಾರ ಸೀಟಿ ಊದಿ ಓಡಸ್ತಾನ, ಆಮ್ಯಾಗ ಸೈಕಲ್‌ನವರೆಲ್ಲಾರಿಗೂ ಕೆಟ್ಟ ಹೆಸರು.

ಗುಮ್ಮಟ_ಗಾಲಿ:

ಮಡ್ಡಿ ಅಣ್ಣಾರು ಹೇಳಿದ್ದು ಖರೇ ಅದ, ಆದ್ರ ಗಾಳಿ ಬಗ್ಗೆ ಯಾರೂ ಹೇಳಲೇ ಇಲ್ಲ. ನಾನು ವಿಜಯಪುರದಾಂವ, ನಮ್ಮಲ್ಲಿ ಏರು ಇಲ್ಲ, ಗಾಳಿನ ಏರು. ಜೂನ್‌ದಿಂದ ಸೆಪ್ಟೆಂಬರ್‌ತನಾ ಪಡುವಣ ಗಾಳಿ ಎಷ್ಟು ಜೋರಂದ್ರ ಬಸವನ ಬಾಗೇವಾಡಿ ಕಡೆ ಕರೆಂಟ್ ಮಾಡೋ ಗಾಳಿ ಫ್ಯಾನು ಸುಮ್ಮನ ನಿಲ್ಲಿಸ್ಯಾರೇನು. ಹೋಗುವಾಗ ಗಾಳಿಗೆ ಎದುರಾಗಿ ಹೋಗ್ಬೇಕು, ಬರುವಾಗ ಬೆನ್ನಿಗೆ ಇರ್ಬೇಕು. ಹುರುಪಿನಾಗ ಉಲ್ಟಾ ಮಾಡ್ದವರು ಮಧ್ಯಾಹ್ನ ಬಿಸಲಿನಾಗ ತಲಿ ಬಗ್ಗಿಸಿ ತುಳ್ಯೂದು ನೋಡೀನಿ.

ಹಾದಿ ಬೇಕಂದ್ರ ಕೆನಾಲ್ ಹಿಡೀರಿ. ಆಲಮಟ್ಟಿ ಆದ ಮ್ಯಾಲ ನಮ್ಮ ಜಿಲ್ಲಾದಾಗ ಕೆನಾಲ್ ಭಾಳ ಆಗ್ಯಾವ, ಬಾಜೂಕ ಇಲಾಖೆ ಜೀಪ್ ಹೋಗಲಾಕ ಅಂತ ಗರಸು ಹಾಕಿದ ದಾರಿ ಇರ್ತದ, ಒಂದು ಲಾರಿ ಇಲ್ಲ, ಒಂದು ಹಾರ್ನ್ ಇಲ್ಲ, ಸಪಾಟ. ಬ್ಯಾಸರ ಅಂತೀರಾ, ಹೌದು ಸ್ವಲ್ಪ ಬ್ಯಾಸರನ, ನೇರ ಹೋಗ್ತಿರ್ತದ. ಆದ್ರ ಹೊಸದಾಗಿ ಶುರು ಮಾಡೋರಿಗೆ ಇದಕ್ಕಿಂತ ಛಲೋ ಜಾಗ ಸಿಗೂದಿಲ್ಲ. ಒಂದ ಎಚ್ಚರ, ಕೆನಾಲ್ ಏರಿ ಮ್ಯಾಲ ಜೋಡಿ ಜೋಡಿ ಮಾತಾಡ್ಕೋತ ಹೋಗಬ್ಯಾಡ್ರಿ, ಸಿಮೆಂಟ್ ಹಾಕಿದ ಇಳಿಜಾರು ಪಾಚಿ ಕಟ್ಟಿರ್ತದ, ಬಿದ್ರ ಹತ್ತಿ ಬರಾಕ ಹಿಡಿಲಿಕ್ಕ ಏನೂ ಇರಂಗಿಲ್ಲ. ಊರಿಂದ ಹೊರಗ ಕುಮಟಗಿ ಕಡೆನೂ ಛಲೋ ಅದ, ಅಲ್ಲಿ ಆದಿಲಶಾಹಿ ಕಾಲದ ನೀರಿನ ಮಹಲು, ಕೆರಿ. ಹಳೇ ಸಿಂದಗಿ ರೋಡ್ ಬಿಟ್ಟು ಹೊಲದ ದಾರಿ ಹಿಡದು ಹೋಗಬಹುದು, ಆದ್ರ ಅದೂ ಎರಿನ, ಜ್ವಾಳ ಕೊಯ್ಯೂವಾಗ ಹೋಗ್ರಿ, ಫೆಬ್ರವರಿ.

ಇನ್ನ ಮುಳ್ಳು. ನೆಗ್ಗಿಲ ಮುಳ್ಳು ಗೊತ್ತದಲ್ಲ, ಹಾದಿ ದಂಡಿಗೆ ನೆಲಕ್ಕ ಹಬ್ಬಿರ್ತದ, ಹಳದಿ ಹೂವು, ಕಾಯಿ ಹೆಂಗ ಬಿದ್ರೂ ಒಂದು ಮುಳ್ಳು ಮ್ಯಾಲ ಮಾಡಿಕೊಂಡ ಇರ್ತದ. ಟ್ಯೂಬ್ ಇಟಗೊಂಡು ಗ್ರಾವೆಲ್‌ಗೆ ಹೋದ್ರ ಸೈಕಲ್ ಹೊಡ್ಯೂದಕ್ಕಿಂತ ಪಂಚರ್ ತಗಿಯೂದ ಜಾಸ್ತಿ ಆಗ್ತದ. ಮೊದಲ ಟ್ಯೂಬ್‌ಲೆಸ್ ಮಾಡ್ರಿ, ಅಂದ್ರ ಟ್ಯೂಬ್ ತಗದು ಟೈರ್ ಒಳಗ ತೂತು ಮುಚ್ಚೂ ಸೀಲಂಟ್ ದ್ರವ ಹಾಕಸ್ರಿ, ಆಮ್ಯಾಲ ರೂಟ್ ಕೇಳ್ರಿ.

ನವನಗರ_ಪೆಡಲ್:

ಇಬ್ಬರಿಗೂ ಥ್ಯಾಂಕ್ಸ್ರಿ. ಸ್ಯಾಟಲೈಟ್ ಹಾಕಿ ನೋಡ್ದೆ, ಖರೇನ, ಪಟ್ಟದಕಲ್ಲ ಹತ್ರ ಹೊಳಿ ದಂಡಿ ಕರ್ರಗ ಐತಿ, ಮಹಾಕೂಟ ಕಡೆ ಕೆಂಪ. ಟ್ಯೂಬ್‌ಲೆಸ್ ಮಾಡಸ್ತೀನಿ, ಸೀಲಂಟ್ ಎಷ್ಟು ಹಾಕ್ಬೇಕು, ಗಾಳಿ ಎಷ್ಟು? ನಾ ಸುಮಾರು 70 ಕೆಜಿ ಅದೀನಿ. ಮತ್ತ ಹೊಲದಾಗ ಬೈತಾರೇನು ಅನ್ನೂದಕ್ಕ ಯಾರೂ ಉತ್ತರ ಕೊಡ್ಲಿಲ್ಲ.

ಕ್ಯಾಂಪ್_ಸೈಕಲ್‌ವಾಲಾ:

ಬೆಳಗಾವಿ ಇಂದ. ಇಲ್ಲಿ ಎಲ್ಲಾರೂ ಎರಿ ಎರಿ ಅಂತ ಹೆದರಸಾಕತ್ತೀರಿ, ಅದಕ್ಕ ಉಪಾಯ ಸರಳ ಐತಿ, ಟ್ರೇನ್ ಹತ್ತಿ ನಮ್ಮ ಕಡೆ ಬರ್ರಿ. ಬೆಳಗಾವಿ ಮಜಾ ಏನಂದ್ರ ಊರು ಬರೋಬರಿ ನಡುವ ಕುಂತೈತಿ, ಪೂರ್ವಕ್ಕ ಸಾಂಬ್ರಾ ದಾಟಿ ಬೈಲಹೊಂಗಲ ಕಡೆ ಹೋದ್ರ ನಿಮ್ಮದ ಎರಿ, ಪಶ್ಚಿಮಕ್ಕ ಹೋದ್ರ ಏಕದಮ್ ಕೆಂಪು ಜಂಬಿಟ್ಟಿಗಿ ಕಲ್ಲಿನ ಮಣ್ಣು. ಈ ಕೆಂಪು ಹಾದಿ ಮಳಿ ನಿಂತ ಮ್ಯಾಲ ಲಗೂನ ಗಟ್ಟಿ ಆಗ್ತೈತಿ, ಸಣ್ಣ ಸಣ್ಣ ಹರಳು, ಗ್ರಾವೆಲ್ ಟೈರ್ ಕೆಳಗ ಚರಚರ ಅಂತೈತಿ, ಆ ಸಪ್ಪಳಕ್ಕ ಬೇಕಾದ್ರ ಪೆಟ್ರೋಲ್ ಖರ್ಚು ಮಾಡ್ಕೊಂಡ ಬರಬಹುದು.

ಯಳ್ಳೂರ ಗಡಾ ಒಂದು ಸೈಡ್, ಮ್ಯಾಲ ಹೋಗೋ ಏರು ಕಾಲು ತಗೀತೈತಿ, ಮ್ಯಾಲ ನಿಂತ್ರ ಬೆಳಗಾವಿ ಪೂರಾ ಕಾಣತೈತಿ. ರಾಕಸಕೊಪ್ಪ ಡ್ಯಾಮ್ ಸುತ್ತಲಿನ ಹಳ್ಳಿ ಹಾದಿ ಇನ್ನೊಂದು, ಭತ್ತದ ಗದ್ದಿ, ಗೋಡಂಬಿ ತ್ವಾಟ. ಜಾಂಬೋಟಿ ದಾಟಿ ಕಣಕುಂಬಿ, ಮಲಪ್ರಭಾ ಹುಟ್ಟೂದು ಅಲ್ಲೇ, ನಿಮ್ಮ ಪಟ್ಟದಕಲ್ಲಿಗೆ ಬರೋ ನೀರು. ಆದ್ರ ಆ ಕಡೆ ಕಾಡು ಅಂದ್ರ ಭೀಮಗಡ ವನ್ಯಧಾಮ, ಒಳಗ ಹೋಗೋ ಮಣ್ಣಿನ ಹಾದಿ ಎಷ್ಟ್ ಛಂದ ಕಂಡ್ರೂ ಅರಣ್ಯ ಇಲಾಖೆ ಪರವಾನಗಿ ಇಲ್ಲದ ಹೊಗಬ್ಯಾಡ್ರಿ, ಕಾಡೆಮ್ಮಿ, ಕರಡಿ, ಹುಲಿ ಎಲ್ಲಾ ಇರೋ ಕಾಡು ಅದು. ಜೂನ್ ಜುಲೈ ಆಗಸ್ಟ್ ಅಂತೂ ಕಣಕುಂಬಿ ಕಡೆ ಮಳಿ ಎಂಥಾದ್ದು ಅಂದ್ರ ಸೈಕಲ್ ಬ್ಯಾಡ, ಕೊಡಿನೂ ಉಪಯೋಗ ಇಲ್ಲ.

ಮಡ್ಡಿ_ಸವಾರ:

ಟ್ರೇನ್ ಹತ್ತಿ ಬೆಳಗಾವಿಗೆ ಬಾ ಅಂತೀರಲ್ಲ, ಬಾಗಲಕೋಟಿಯಿಂದ ಗದಗ ಹುಬ್ಬಳ್ಳಿ ಸುತ್ತಿ ಬರಬೇಕು, ಅಷ್ಟೊತ್ತಿಗೆ ನಾವು ಇಲ್ಲೇ ಎರಡು ಲೂಪ್ ಹೊಡದು ರೊಟ್ಟಿ ತಿಂದಿರ್ತೀವಿ. ಕೆಂಪು ಮಣ್ಣು ನಮ್ಮಲ್ಲೂ ಐತ್ರಿ. ಆದ್ರ ಒಂದು ಮಾತು ಒಪ್ಪಬೇಕು, ನವೆಂಬರ್‌ನಾಗ ನಿಮ್ಮ ಪಶ್ಚಿಮ ಭಾಗಕ್ಕ ಹೋಲಿಕಿ ಇಲ್ಲ.

ಲೂಯಿಸ್‌ನ್ಯಾಗಿನ_ಇಳಕಲ್ಲಾಂವ:

ಇಂಗ್ಲೆಂಡ್ ವಿಡಿಯೋ ಮಾತು ಬಂತಲ್ಲ ಅಂತ ಬರ್ಯಾಕತ್ತೀನಿ. ನಾ ಇಳಕಲ್‌ನಾಂವ, ಈಗ ಲೂಯಿಸ್ ಅಂತ ದಕ್ಷಿಣ ಇಂಗ್ಲೆಂಡಿನ ಸಣ್ಣ ಊರಾಗ ಅದೀನಿ, ಬ್ರೈಟನ್ ಹತ್ರ. ಮನಿ ಹಿಂದ ಸೌತ್ ಡೌನ್ಸ್ ಅನ್ನೂ ಗುಡ್ಡದ ಸಾಲು, ಅದರ ನೆತ್ತಿ ಮ್ಯಾಲ ಸೌತ್ ಡೌನ್ಸ್ ವೇ, ವಿಂಚೆಸ್ಟರ್‌ದಿಂದ ಈಸ್ಟ್‌ಬೋರ್ನ್‌ತನಕ 160 ಕಿಮೀ, ಸೈಕಲ್ ಮತ್ತ ಕುದರಿ ಎರಡೂ ಹೋಗಬಹುದು. ಗುಡ್ಡ ಅಂತೀನಿ, ನಮ್ಮ ಊರ ಬಾಜೂಕಿನ ಡಿಚ್ಲಿಂಗ್ ಬೀಕನ್ ಎತ್ತರ ಸಮುದ್ರದಿಂದ 248 ಮೀಟರ್, ಬಾಗಲಕೋಟಿ ಊರ ಅದಕ್ಕಿಂತ ಮ್ಯಾಲ ಐತಿ. ಆದ್ರ ತಳದಿಂದ ಹತ್ತೂವಾಗ ಉಸರು ಬಿಡಸ್ತೈತಿ.

ವಿಡಿಯೋದಾಗ ಕಾಣೂದಿಲ್ಲ, ಆದ್ರ ಅಲ್ಲಿ ಎಲ್ಲಾ ಹಾದಿನೂ ಸೈಕಲ್‌ಗೆ ಬಿಟ್ಟಿಲ್ಲ. ಹೊಲದ ನಡುವ ಇರೋ ಹಾದಿ ಹೆಚ್ಚಾಗಿ ಎರಡು ಥರ, ಫುಟ್‌ಪಾತ್ ಅಂದ್ರ ನಡಿಯೋರಿಗೆ ಮಾತ್ರ, ಬ್ರೈಡಲ್‌ವೇ ಅಂದ್ರ ಕುದರಿಯವರಿಗೆ. ಬ್ರೈಡಲ್‌ವೇ ಮ್ಯಾಲ ಸೈಕಲ್ ಬಿಟ್ಟಿದ್ದು 1968ರ ಕಂಟ್ರಿಸೈಡ್ ಆ್ಯಕ್ಟ್‌ನಿಂದ, ಅದೂ ನಡಿಯೋರಿಗೆ ಕುದರಿಯವರಿಗೆ ದಾರಿ ಬಿಟ್ಟು ಹೋಗ್ಬೇಕು ಅನ್ನೂ ಷರತ್ತಿನ ಮ್ಯಾಲ. ಆರ್ಡ್ನನ್ಸ್ ಸರ್ವೇ ಅನ್ನೋ ಸರ್ಕಾರಿ ನಕಾಶಿ, 1:25,000 ಅಳತಿದು, ಅದರಾಗ ಉದ್ದ ಉದ್ದ ಹಸಿರು ಗೆರಿ ಇದ್ರ ಬ್ರೈಡಲ್‌ವೇ, ಗಿಡ್ಡ ಹಸಿರು ಗೆರಿ ಇದ್ರ ಫುಟ್‌ಪಾತ್. ಹೊಲ ಯಾರದರೆ ಇರ್ಲಿ, ಹಾದಿ ಮುಚ್ಚಾಕ ಅಂವಗ ಹಕ್ಕಿಲ್ಲ. ಗೇಟ್ ತಗದ್ರ ವಾಪಸ್ ಹಾಕ್ಬೇಕು, ಕುರಿ ಹೊರಗ ಬಂದ್ರ ರೈತ ಬಿಡೂದಿಲ್ಲ, ಅಷ್ಟ. ಸ್ಕಾಟ್ಲೆಂಡ್‌ನಾಗ ಕಾಯ್ದೆ ಬ್ಯಾರೆ, 2003ರ ಕಾಯ್ದೆ ಪ್ರಕಾರ ಅಲ್ಲಿ ಜವಾಬ್ದಾರಿಯಿಂದ ಹೋಗ್ತೀನಂದ್ರ ಹೆಚ್ಚೂ ಕಡಿಮಿ ಎಲ್ಲಾ ಕಡೆ ಬಿಡ್ತಾರ.

ಮಣ್ಣಿನ ಮಾತು ಇಲ್ಲೂ ತಪ್ಪಿಲ್ಲ ಮತ್ತ. ಡೌನ್ಸ್ ಎಲ್ಲಾ ಸುಣ್ಣದಂಥ ಬಿಳಿ ಕಲ್ಲು, ಚಾಕ್. ಒಣಗಿದ್ರ ಡಾಂಬರ್‌ಗಿಂತ ಛಲೋ, ಮ್ಯಾಲ ಒಂದು ಜಿನುಗು ಮಳಿ ಬಿತ್ತಂದ್ರ ಸಾಬಣ ಬಳದಂಗ. ನಡುನಡುವ ಚಕಮಕಿ ಕಲ್ಲು ಇರ್ತಾವು, ಅದರ ಅಂಚು ಬ್ಲೇಡ್ ಇದ್ದಂಗ, ಟೈರ್ ಬಾಜೂ ಗೋಡಿನ ಹರೀತೈತಿ. ಗುಡ್ಡದ ಉತ್ತರಕ್ಕ ಇಳದ್ರ ಜೇಡಿಮಣ್ಣು, ಡಿಸೆಂಬರ್‌ನಾಗ ಅಲ್ಲಿ ಹೊಕ್ರ ನಮ್ಮ ಎರಿ ಹೊಲನ ನೆನಪಾಗ್ತೈತಿ. ಇಲ್ಲಿಯವರೂ ಚಳಿಗಾಲದಾಗ ನೆತ್ತಿ ಮ್ಯಾಲ, ಬ್ಯಾಸಗ್ಯಾಗ ಕೆಳಗ ಅಂತ ರೂಟ್ ಹಾಕ್ತಾರ. ನಿಮಗ ಸಿಗೋ ಲಾಭ ಏನಂದ್ರ ಡಿಸೆಂಬರ್‌ನಾಗ ಹಗಲು 11 ತಾಸು ಇರ್ತೈತಿ, ನಮಗ ಇಲ್ಲಿ ಎಂಟೇ ತಾಸು.

ಮಡ್ಡಿ_ಸವಾರ:

ಇದು ಛಲೋ ಮಾಹಿತಿ. ಬೈತಾರೇನು ಅನ್ನೂದಕ್ಕ ಈಗ ಬರ್ತೀನಿ. ನಮ್ಮಲ್ಲಿ ಸೈಕಲ್ ಅಂತ ಬ್ಯಾರೆ ಹಾದಿ ಇಲ್ಲ, ಆದ್ರ ಹಾದಿ ಇಲ್ಲ ಅಂತಲ್ಲ. ಊರಿನ ಗ್ರಾಮ ನಕಾಶಿ ಒಳಗ ಬಂಡಿದಾರಿ, ಕಾಲುದಾರಿ ಎರಡೂ ಹಾಕಿರ್ತಾರ, ಅದು ಊರವರೆಲ್ಲಾ ಓಡ್ಯಾಡೋ ದಾರಿ. ಫೋನಿನಾಗ ದಿಶಾಂಕ್ ಆ್ಯಪ್ ಹಾಕ್ಕೊಂಡ್ರ ನಿಂತ ಜಾಗದ ಸರ್ವೇ ನಂಬರ್ ಬರ್ತೈತಿ, ಯಾವ ಹೊಲದಾಗ ಅದೀವಿ ಅನ್ನೂದು ಗೊತ್ತಾಗ್ತೈತಿ. ನಮ್ಮ ಹೊಲ ನಮ್ಮ ದಾರಿ ಅಂತ ಸರ್ಕಾರದ ಸ್ಕೀಮ್ ಬಂದ ಮ್ಯಾಲ ಎಷ್ಟೋ ಊರಾಗ ಹೊಲದ ದಾರಿಗೆ ಗರಸು ಹಾಕ್ಯಾರ, ಗ್ರಾವೆಲ್ ಸೈಕಲ್ ತಯಾರ ಮಾಡ್ದಾಂವಗ ಇದು ಗೊತ್ತಿದ್ರ ಇಲ್ಲೇ ಫ್ಯಾಕ್ಟರಿ ಹಾಕ್ತಿದ್ದ. ಆದ್ರ ನಕಾಶಿ ಮ್ಯಾಲ ಇದ್ದ ದಾರಿ ನೆಲದ ಮ್ಯಾಲ ಇರ್ತೈತಿ ಅನ್ನೂ ಗ್ಯಾರಂಟಿ ಇಲ್ಲ, ಇಬ್ಬರು ಅಣ್ತಮ್ಮರು ಜಗಳಾಡಿ ದಾರಿನ ರಂಟಿ ಹೊಡದು ಬಿತ್ತಿರ್ತಾರ. ಅಂಥಲ್ಲಿ ನಾ ಸೈಕಲ್‌ನವ, ನಕಾಶ್ಯಾಗ ಐತಿ ಅಂತ ವಾದ ಮಾಡಬ್ಯಾಡ, ಆ ಜಗಳ ಕೋರ್ಟ್‌ನಾಗ ಇರ್ತೈತಿ. ವಾಪಸ್ ಹೊಳ್ಳು.

ಬೈಯೂದಿಲ್ಲ ಸಾಮಾನ್ಯ. ಬದುವಿನ ಮ್ಯಾಲ ಬೆಳಿ ತುಳದು ಹೋದ್ರ ಬೈತಾರ, ಬೈಬೇಕು. ಇಳದು "ಕಾಕಾ, ಈ ಹಾದಿ ಮುಂದ ಹೋಗ್ತೈತೇನ್ರಿ" ಅಂತ ಕೇಳಿದ್ರ ಆ್ಯಪ್‌ಗಿಂತ ಬರೋಬರಿ ಉತ್ತರ ಸಿಗತೈತಿ, ಎಲ್ಲಿ ಹಳ್ಳ ಐತಿ, ಎಲ್ಲಿ ನೀರು ನಿಂತೈತಿ, ಎಲ್ಲಾ. ಒಂದ ತೊಂದ್ರಿ, ಸೈಕಲ್ ರೇಟ್ ಕೇಳ್ತಾರ. ಖರೇ ಹೇಳಿದ್ರ ಎರಡು ಎತ್ತು ಬರ್ತಿದ್ವಲ್ಲೋ ಅಂತಾರ. ನಾ ಅರ್ಧ ಹೇಳ್ತೀನಿ, ಅದಕ್ಕೂ ಹಂಗ ಅಂತಾರ.

ನಾಯಿ ಬಗ್ಗೆನೂ ಹೇಳ್ತೀನಿ. ಕುರಿ ಹಟ್ಟಿ ಹತ್ರ ಹೋದ್ರ ನಾಯಿ ಬಂದ ಬರ್ತಾವು, ಓಡಿಸಿ ಪಾರಾಗ್ತೀನಿ ಅನಬ್ಯಾಡ, ಮುಧೋಳ ನಾಯಿ ಸೀಮ್ಯಾಗ ಅದೀವಿ ನಾವು, ಅದರ ಜೋಡಿ ರೇಸ್ ಆಗೂದಿಲ್ಲ. ಇಳದು ಸೈಕಲ್ ನಡುವ ಅಡ್ಡ ಹಿಡದು ಸಾವಕಾಶ ನಡಿ, ಕುರುಬರು ಕೂಗಿ ಕರಕೋತಾರ. ಬೀಳಗಿ ಮುಧೋಳ ನಡುವ ಯಡಹಳ್ಳಿ ಚಿಂಕಾರ ವನ್ಯಧಾಮ ಐತಿ, ಮ್ಯಾಪ್‌ನಾಗ ಅಲ್ಲಿ ಗರಸಿನ ಹಾದಿ ಆಸೆ ತೋರಸ್ತಾವು, ಬೆಳಗಾವಿ ಅಣ್ಣಾರು ಹೇಳಿದ್ದ ಇಲ್ಲೂ, ಪರವಾನಗಿ ಇಲ್ಲದ ಬ್ಯಾಡ.

ಸೀಲಂಟ್_ಶರಣ:

ಟೈರ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾ ಕೊಡ್ತೀನಿ. 40 ಎಂಎಂ ಟ್ಯೂಬ್‌ಲೆಸ್, 70 ಕೆಜಿ ಅಂದ್ರ ಮುಂದ 30-32, ಹಿಂದ 34-35 ಪಿಎಸ್‌ಐ (ಗಾಳಿ ಒತ್ತಡದ ಅಳತಿ) ಇಂದ ಶುರು ಮಾಡು, ರಿಮ್ಮಿಗೆ ಕಲ್ಲು ಬಡೀತೈತಿ ಅನಿಸಿದ್ರ ಎರಡು ಏರಸು. ಟ್ಯೂಬ್ ಇದ್ರ 40-45ಕ್ಕಿಂತ ಕೆಳಗ ಇಳಸಬ್ಯಾಡ, ಟ್ಯೂಬ್ ರಿಮ್ಮಿಗೂ ಕಲ್ಲಿಗೂ ನಡುವ ಸಿಕ್ಕು ಹಾವು ಕಚ್ಚಿದಂಗ ಎರಡು ತೂತು ಬೀಳ್ತಾವು. ಟೈರ್ ಮತ್ತ ರಿಮ್ ಮ್ಯಾಲ ಬರದಿರೋ ಗರಿಷ್ಠ ಅಳತಿ ನೋಡ್ಕೊಂಡ ಹಾಕು.

ಸೀಲಂಟ್ ಒಂದು ಟೈರ್‌ಗೆ 60 ಎಂಎಲ್ ಅಂತಾರ, ನಮ್ಮ ಮುಳ್ಳಿಗೆ ನಾ 80 ಹಾಕಸ್ತೀನಿ. ಅದು ಲೇಟೆಕ್ಸ್, ನಮ್ಮ ಬಿಸಲಿಗೆ ಲಗೂನ ಒಣಗತೈತಿ, ಡಬ್ಬಿ ಮ್ಯಾಲ ಆರು ತಿಂಗಳು ಅಂತ ಬರದಿದ್ರೂ ಬ್ಯಾಸಗ್ಯಾಗ ಎರಡು ತಿಂಗಳಿಗೊಮ್ಮೆ ವಾಲ್ವ್ ತಗದು ನೋಡು. ನೆಗ್ಗಿಲ ಮುಳ್ಳು ಚುಚ್ಚಿದ್ರ ತಗದು ಗಾಲಿ ತಿರುಗಿಸಿ ತೂತು ಕೆಳಗ ಮಾಡಿ ನಿಲ್ಲು, ಮುಚ್ಚಗೋತೈತಿ. ಜಾಲಿ ಮುಳ್ಳು ದೊಡ್ಡದು ಇದ್ರ ಊರ ಹತ್ತಿರ ಆಗೋತನಕ ತಗೀಬ್ಯಾಡ, ಮುಳ್ಳ ಬೂಚು ಆಗಿರ್ತೈತಿ. ಒಂದು ಟ್ಯೂಬ್ ಜೋಡಿ ಇರ್ಲಿ, ಹಾಕೂ ಮೊದಲ ಟೈರ್ ಒಳಗ ಬಟ್ಟಿ ಆಡಿಸಿ ಉಳದ ಮುಳ್ಳು ತಗಿ, ಬೆರಳು ಆಡಿಸಬ್ಯಾಡ.

ಹೈಬ್ರಿಡ್ ಸೈಕಲ್ (ರೋಡ್ ಸೈಕಲ್, ಮೌಂಟನ್ ಸೈಕಲ್ ಎರಡರ ನಡುವಿನದು) ಇದ್ದವರೂ ಓದಾಕತ್ತಿರ್ತೀರಿ, 38 ಎಂಎಂ ಟೈರ್ ಹಿಡೀತೈತಿ ಅಂದ್ರ ಅದರ ಮ್ಯಾಲನ ಇದೆಲ್ಲಾ ಆಗ್ತೈತಿ, ಲಕ್ಷಗಟ್ಟಲೆ ಕೊಡಬೇಕಂತಿಲ್ಲ. ಅಂಗಡ್ಯಾವ ಇದನ್ನ ಹೇಳೂದಿಲ್ಲ.

ಗುಮ್ಮಟ_ಗಾಲಿ:

ಮುಳ್ಳು ಹಾಗೇ ಬಿಡೂದು ಕರೆಕ್ಟ್. ಊಟದ ಬಗ್ಗೆ ಒಂದು, ಬನಶಂಕರಿ ಗುಡಿ ಮುಂದ ಅವ್ವಾರು ಬುಟ್ಟಿ ಇಟಗೊಂಡ ಕುಂತಿರ್ತಾರ, ಕಟಕ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಅರ್ಧ ಲೂಪ್ ಆದ ಮ್ಯಾಲ ತಿನ್ನಂಗ ಪ್ಲ್ಯಾನ್ ಮಾಡ್ರಿ, ಮೊದಲ ತಿಂದ್ರ ಸೈಕಲ್ ಮ್ಯಾಲ ನಿದ್ದಿ ಬರ್ತದ. ಜೇಬಿನಾಗ ಅಮೀನಗಡ ಕರದಂಟು ಇಟಗೋರಿ, ಆ ವಿಲಾಯತಿ ಎನರ್ಜಿ ಬಾರ್ ಎಲ್ಲಾ ಇದರ ಮುಂದ ಏನೂ ಅಲ್ಲ, ಅಂಟು, ಬೆಲ್ಲ, ಒಣಕೊಬ್ಬರಿ, ಬಿಸಲಿಗೆ ಕರಗೂದೂ ಇಲ್ಲ. ಬಾದಾಮಿಯಾಗ ಮಾತ್ರ ಹೊರಗ ತಗೀಬ್ಯಾಡ್ರಿ, ಮಂಗ್ಯಾ ಕೈಯಾಗಿಂದ ಕಸಗೊಂಡ ಹೋಗ್ತಾವ, ಸೀಟಿನ ಚೀಲದ ಝಿಪ್ ತಗಿಯೂದೂ ಕಲ್ತಾವ.

ನವನಗರ_ಪೆಡಲ್:

ಭಾರೀ ಉಪಕಾರ ಆತ್ರಿ. ಹಂಗಾರ ಹಿಂಗ ಮಾಡ್ತೀನಿ, ಸ್ವಾತಿ ಹೋಗೋತನಕ ಕೆನಾಲ್ ರೋಡ್ ಮತ್ತ ಮಡ್ಡಿ, ನವೆಂಬರ್ ಮಧ್ಯಾ ಟ್ಯೂಬ್‌ಲೆಸ್ ಹಾಕಿ ಬಾದಾಮಿ ಲೂಪ್, ಬನಶಂಕರಿ ಕಡೀಕ ಬರೂವಂಗ ಉಲ್ಟಾ ಹೊಡೀತೀನಿ, ಮಹಾಕೂಟ, ಪಟ್ಟದಕಲ್ಲು, ಐಹೊಳಿ, ವಾಪಸ್ ಹೊಳಿ ದಂಡಿ ಡಾಂಬರ್, ರೊಟ್ಟಿ. ಬಾಗಲಕೋಟಿಯಿಂದ ಬಾದಾಮಿಗೆ ಸೈಕಲ್ ಟ್ರೇನ್‌ನಾಗ ಒಯ್ಯಬಹುದೇನ್ರಿ?

ಮಡ್ಡಿ_ಸವಾರ:

ಒಯ್ಯಬಹುದು. ಬೋಗಿ ಒಳಗ ಅಲ್ಲ, ಪಾರ್ಸಲ್ ಆಫೀಸ್‌ನಾಗ ಲಗೇಜ್ ಅಂತ ಬುಕ್ ಮಾಡಿ ಬ್ರೇಕ್ ವ್ಯಾನ್‌ಗೆ (ಸಾಮಾನಿನ ಡಬ್ಬಿಗೆ) ಹಾಕಸ್ಬೇಕು, ಟ್ರೇನ್ ಬರೋ ಹೊತ್ತಿಗೆ ಓಡಿ ಹೋದ್ರ ಆಗೂದಿಲ್ಲ, ಒಂದು ತಾಸು ಮೊದಲ ಹೋಗು. ಗೇರ್ ಬದಲಸೋ ಹಿಂದಿನ ಡಿರೇಲರ್ ಇರೋ ಕಡೆ ಯಾವ ಮೂಟಿನೂ ಬರದಂಗ ನೀನ ನಿಂತು ಇಡಸು. ಬಾದಾಮಿ ಸ್ಟೇಷನ್ ಊರಿಂದ 5 ಕಿಮೀ ಹೊರಗ ಐತಿ, ಅದು ವಾರ್ಮಪ್ ಆತು.

ಐಹೊಳಿ ಹತ್ರ ಹೋದ್ರ ಮೇಗುತಿ ಗುಡ್ಡ ಹತ್ತದ ಬರಬ್ಯಾಡ, ಕ್ರಿ.ಶ. 634ರ ಶಾಸನ ಐತಿ ಗುಡಿ ಗೋಡಿ ಮ್ಯಾಲ, ಸೈಕಲ್ ಕೆಳಗ ಇಟ್ಟು ಹೋಗು. ಮತ್ತ ಹೊರಡೋ ಹಿಂದಿನ ದಿನ ಮಲಪ್ರಭಾ ನೀರು ಎಷ್ಟೈತಿ ಕೇಳ್ಕೊ, ನವಿಲುತೀರ್ಥ ಡ್ಯಾಮ್‌ದಿಂದ ಬಿಟ್ಟಿದ್ರ ಹೊಳಿ ದಂಡಿ ಹಾದಿ ಬಿಡಬೇಕಾಗ್ತೈತಿ. 2019ರ ಆಗಸ್ಟ್‌ನಾಗ ಪಟ್ಟದಕಲ್ಲ ಗುಡಿ ಒಳಗ ನೀರು ಹೊಕ್ಕಿತ್ತು.

ಕ್ಯಾಂಪ್_ಸೈಕಲ್‌ವಾಲಾ:

ನವೆಂಬರ್ ಮಧ್ಯಾ ಯಾವ ರವಿವಾರ ಹೇಳ್ರಿ, ನಾವೂ ಇಬ್ಬರು ಮೂವರು ಕಾರಿನ ಮ್ಯಾಲ ಸೈಕಲ್ ಕಟಗೊಂಡ ಬರ್ತೀವಿ. ನಿಮ್ಮ ಕೆಂಪು ಮಣ್ಣು ಎಷ್ಟು ಕೆಂಪು ಐತಿ ನೋಡೇ ಬಿಡೋಣ.